ಬ್ರೆಡ್ಡಿಗೆ ರೂಪ ಕೊಡುವ ಮತ್ತು ಬೇಯಿಸುವ ಕ್ರಮ

ರಾಗಿಯ ಮುದ್ದೆಯೂ ಜೋಳದ ರೊಟ್ಟಿಯೂ ನಮ್ಮ ನಾಡಿನ ಮುಖ್ಯ ಆಹಾರಗಳಾಗಿದ್ದರೂ, ಬ್ರೆಡ್ಡು ಮತ್ತು ಬನ್ನುಗಳು ಈಗ ಪಟ್ಟಣಗಳಲ್ಲಿ ಮಾತ್ರವಲ್ಲದೆ ಹೋಬಳಿಯ ಸಂತೆಗಳಲ್ಲಿಯೂ ಮಾರಾಟವಾಗುತ್ತಿವೆ. ಇವುಗಳ ತಯಾರಿಕೆಯನ್ನು ಉಪಕಸುಬಾಗಿ ಕೈಗೊಳ್ಳಲು ರೈತ ಕುಟುಂಬಗಳ ಸ್ತ್ರೀಪುರುಷರು ಅನೇಕರು ಮುಂದೆ ಬರುತ್ತಿದ್ದಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಬೇಕರಿ ತರಬೇತಿಯನ್ನು ನಡೆಸುತ್ತದೆ. 1950 ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿಯೂ ಈ ವಿಷಯದ ಶಿಕ್ಷಣವುಂಟು. ಈ ಕಸುಬಿನಲ್ಲಿ ಒಂದೊಂದು ಬ್ರೆಡ್ಡಿನಿಂದ ಸಿಗುವ ಲಾಭ ಅಲ್ಪ. ಒಂದು ದಿನದ ಕಣಕ ಕೆಟ್ಟರೆ ಹಲವು ದಿನಗಳ ಗಳಿಕೆ ನಷ್ಟವಾಗುವುದು. ಆದುದರಿಂದ ಕಲಿಯುವವರು ಕೈಕೆಲಸವನ್ನು ಮಾತ್ರವಲ್ಲದೆ ಅದರ ಕಾರಣವನ್ನೂ ತಿಳಿದಿರಬೇಕಾದುದು ಅವಶ್ಯಕ.

ಹಿಟ್ಟಿನ ಗುಣ

ಗೋಧಿಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರಲ್ಲಿರುವ ಸಸಾರಜನಕಗಳು ಕೂಡಿ ಗ್ಲೂಟೆನ್ ಎಂಬ ಜಿಗುಟಾದ ಬಲೆಯಾಗುತ್ತವೆ. ಯೀಸ್ಟು ಎಂಬ ಸೂಕ್ಷ್ಮ ಜೀವಿಯು ಸಕ್ಕರೆಯನ್ನು ತಿಂದು ಇಂಗಾಲಾಮ್ಲ ವಾಯುವನ್ನು ಹೊರಬಿಡುತ್ತದೆ. ಈ ವಾಯುವನ್ನು ಗ್ಲೂಟೆನ್ನಿನ ಬಲೆಯು ಹಿಡಿದಿಡುವುದರಿಂದಲೇ ಬ್ರೆಡ್ಡು ಉಬ್ಬುವುದು. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಬೆಳೆಯುವ ಜವೆಗೋಧಿಯು ಹುಗ್ಗಿ, ಮಾದಲಿ, ಶಾವಿಗೆಗಳಿಗೆ ಬಹು ಚೆನ್ನಾದುದು. ಆದರೆ ಅದರ ಗ್ಲೂಟೆನ್ನಿಗೆ ಹಿಗ್ಗಿ ನಿಲ್ಲುವ ಬಲ ಸಾಲದು. ಬ್ರೆಡ್ಡಿಗೆ ಸಾಮಾನ್ಯ ಗೋಧಿಯ ಮೈದಾ ತಕ್ಕುದು. ರಾಗಿಯಲ್ಲಿ ಗ್ಲೂಟೆನ್ ಇಲ್ಲವೇ ಇಲ್ಲ. ರಾಗಿಯ ಬ್ರೆಡ್ಡನ್ನು ಮಾಡಬೇಕೆಂದಿರುವವರು ಮೊದಲು ನೂರು ಪಾಲು ಹಿಟ್ಟಿನಲ್ಲಿ 20 ಪಾಲಿಗೆ ಮೀರದಂತೆ ರಾಗಿಹಿಟ್ಟನ್ನು ಬೆರೆಸಿ ನೋಡತಕ್ಕದ್ದು.

ಅಳತೆ

ಬೇಕರಿಯಲ್ಲಿ ಹಿಟ್ಟನ್ನು ನೂರು ಪಾಲೆಂದಿಟ್ಟುಕೊಂಡು ಉಳಿದ ಪದಾರ್ಥಗಳನ್ನು ಅದರ ಮೇಲೆ ಲೆಕ್ಕ ಹಾಕುವುದು ವಾಡಿಕೆ. ಅಭ್ಯಾಸಕ್ಕಾಗಿ ಈ ಪ್ರಮಾಣವನ್ನು ಹಿಡಿಯಬಹುದು: ಮೈದಾ 1000 ಗ್ರಾಂ, ನೀರು 600 ಗ್ರಾಂ, ಸಕ್ಕರೆ 40 ಗ್ರಾಂ, ಎಣ್ಣೆ ಅಥವಾ ಬೆಣ್ಣೆ 30 ಗ್ರಾಂ, ಉಪ್ಪು 20 ಗ್ರಾಂ, ಒಣ ಯೀಸ್ಟು 10 ಗ್ರಾಂ. ಒಟ್ಟು ಕಣಕ 1700 ಗ್ರಾಂ. ನೀರನ್ನೂ ತೂಗಿಯೇ ಹಾಕತಕ್ಕದ್ದು. ಉಪ್ಪನ್ನು ಯೀಸ್ಟಿನೊಡನೆ ನೇರವಾಗಿ ಕೂಡಿಸಿಡಕೂಡದು. ಉಪ್ಪು ಯೀಸ್ಟನ್ನು ಕುಂದಿಸುತ್ತದೆ.

ಕಣಕವು ಸುಮಾರು 27 ಡಿಗ್ರಿ ಸೆಂಟಿಗ್ರೇಡು ಉಷ್ಣದಲ್ಲಿರುವುದು ಒಳ್ಳೆಯದು. ಕೈಯಿಂದ ನಾದುವವರಿಗೆ ಒಂದು ಸುಲಭ ಲೆಕ್ಕವುಂಟು. 27 ರ ಎರಡರಷ್ಟಾದ 54 ರಲ್ಲಿ ಹಿಟ್ಟಿನ ಉಷ್ಣವನ್ನು ಕಳೆದರೆ ನೀರಿನ ಉಷ್ಣ ದೊರೆಯುವುದು. ಬೇಸಗೆಯಲ್ಲಿ ಹಿಟ್ಟು 32 ಡಿಗ್ರಿ ಇದ್ದರೆ ನೀರು 22 ಡಿಗ್ರಿ ಇರಬೇಕು; ಚಳಿಗಾಲದಲ್ಲಿ ಹಿಟ್ಟು 20 ಡಿಗ್ರಿ ಇದ್ದರೆ ನೀರು 34 ಡಿಗ್ರಿ. ಒಂದೇ ಅಳತೆಯ ಕಣಕವು ಚೈತ್ರದಲ್ಲಿ ಹುಳಿಯುವುದೂ ಪುಷ್ಯದಲ್ಲಿ ಏಳದಿರುವುದೂ ಈ ಲೆಕ್ಕವನ್ನು ಬಿಟ್ಟುದರಿಂದಲೇ.

ನಾದುವುದು ಮತ್ತು ಹುದುಗುವುದು

ಕೈಯಿಂದ ಹದಿನೈದು ನಿಮಿಷಗಳವರೆಗಾದರೂ ನಾದಬೇಕು. ಒಂದು ಚೂರು ಕಣಕವನ್ನು ಬೆರಳುಗಳ ನಡುವೆ ಮೆಲ್ಲನೆ ಹಿಗ್ಗಿಸಿದರೆ ಹರಿಯದೆ, ಬೆಳಕು ಕಾಣುವಷ್ಟು ತೆಳುವಾದ ಪೊರೆಯಾಗತಕ್ಕದ್ದು. ಮೊದಲು ಕಣಕ ಕೈಗೆ ಅಂಟುವುದೆಂದು ಮೇಲೆ ಮೇಲೆ ಹಿಟ್ಟು ಚಿಮುಕಿಸುವುದು ಹೊಸಬರ ಅಭ್ಯಾಸ. ಇದರಿಂದ ಬ್ರೆಡ್ಡು ಗಡಸಾಗುವುದು. ನಾದುತ್ತ ಹೋದಂತೆ ಅಂಟು ತಾನೇ ಕಡಮೆಯಾಗುತ್ತದೆ. ಅನಂತರ ಪಾತ್ರೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ಗಾತ್ರ ಇಮ್ಮಡಿಯಾಗುವವರೆಗೆ, ಅಂದರೆ ಒಂದರಿಂದ ಒಂದೂವರೆ ಗಂಟೆಯವರೆಗೆ ಬಿಡಬೇಕು. ಗಡಿಯಾರಕ್ಕಿಂತ ಕಣಕವನ್ನು ನೋಡಿ ತೀರ್ಮಾನಿಸುವುದು ಮೇಲು.

ರೂಪ ಕೊಡುವುದು

ತರಗತಿಯಲ್ಲಿ ಹೆಚ್ಚಿನ ಅಭ್ಯಾಸ ಬೇಕಾಗುವುದು ಈ ಹಂತಕ್ಕೇ. ಬೇಯುವಾಗ ಕಣಕದ ತೂಕದಲ್ಲಿ ನೂರಕ್ಕೆ ಹತ್ತರಿಂದ ಹನ್ನೆರಡು ಪಾಲು ನೀರು ಆವಿಯಾಗಿ ಹೋಗುತ್ತದೆ. 400 ಗ್ರಾಮಿನ ಬ್ರೆಡ್ಡು ಬೇಕಾದರೆ 450 ಗ್ರಾಂ ಕಣಕವನ್ನು ತುಂಡು ಮಾಡಬೇಕು. 400 ಗ್ರಾಮನ್ನೇ ಕತ್ತರಿಸಿದವರು ಗಿರಾಕಿಗೆ ತಿಳಿಯದೆಯೇ ಕಡಮೆ ತೂಕ ಕೊಟ್ಟಂತಾಗುವುದು. ಮೇಲಿನ 1700 ಗ್ರಾಮಿನಲ್ಲಿ ಇಂಥ ಮೂರು ತುಂಡುಗಳೂ, ಉಳಿದ 350 ಗ್ರಾಮಿನಲ್ಲಿ 50 ಗ್ರಾಮಿನ ಏಳು ಬನ್ನುಗಳೂ ಆಗುವುವು.

ತುಂಡನ್ನು ಹಲಗೆಯ ಮೇಲಿಟ್ಟು, ಬಟ್ಟಲಿನಂತೆ ಬಗ್ಗಿಸಿದ ಅಂಗೈಯಿಂದ ಸುತ್ತಿಸಿ ಉಂಡೆ ಮಾಡಬೇಕು. ಹಲಗೆಗೆ ಹಿಟ್ಟು ಹೆಚ್ಚಾಗಿ ಸವರಿದರೆ ಉಂಡೆ ಜಾರುವುದೇ ಹೊರತು ಅದರ ಮೈ ಬಿಗಿಯಾಗುವುದಿಲ್ಲ. ಉಂಡೆಗಳನ್ನು ಹತ್ತರಿಂದ ಹದಿನೈದು ನಿಮಿಷ ಮುಚ್ಚಿಡತಕ್ಕದ್ದು. ಈ ವಿರಾಮವಿಲ್ಲದೆ ಒತ್ತಿದರೆ ಕಣಕ ಹಿಂದಕ್ಕೆ ಸೆಳೆದುಕೊಳ್ಳುವುದು, ಇಲ್ಲವೆ ಹರಿಯುವುದು.

ಬಳಿಕ ಉಂಡೆಯನ್ನು ಆಯತಾಕಾರವಾಗಿ ತಟ್ಟಿ ದೊಡ್ಡ ಗುಳ್ಳೆಗಳನ್ನು ಒಡೆಯಬೇಕು. ಮೇಲಿನ ಅಂಚಿನಿಂದ ಚಾಪೆಯಂತೆ ಸುತ್ತುತ್ತ, ಪ್ರತಿ ಸುತ್ತಿಗೂ ಹೆಬ್ಬೆರಳಿನಿಂದ ಒತ್ತಿ, ಕಡೆಯ ಅಂಚನ್ನು ಚೆನ್ನಾಗಿ ಬೆಸೆಯಬೇಕು. ಸುತ್ತು ಸಡಿಲವಾದರೆ ಬ್ರೆಡ್ಡಿನೊಳಗೆ ಪೊಟರೆಗಳಾಗುತ್ತವೆ. ಬೆಸುಗೆ ಬಿಟ್ಟರೆ ಪಕ್ಕ ಸೀಳುತ್ತದೆ. ಬೆಸುಗೆಯನ್ನು ಕೆಳಮುಖ ಮಾಡಿ, ಎಣ್ಣೆ ಸವರಿದ ತಗಡಿನ ಅಚ್ಚಿನಲ್ಲಿಡತಕ್ಕದ್ದು.

ಎರಡನೆಯ ಹುದುಗು ಮತ್ತು ಬೇಯಿಸುವಿಕೆ

ಅಚ್ಚಿನಲ್ಲಿ ಕಣಕವು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಏಳಬೇಕು. ಬೆರಳಿನಿಂದ ಮೆಲ್ಲನೆ ಒತ್ತಿದ ಗುರುತು ನಿಧಾನವಾಗಿ ಅರ್ಧ ತುಂಬಿದರೆ ಹದ ಬಂದಿತೆಂದು ತಿಳಿಯಬೇಕು. ಕೂಡಲೇ ತುಂಬಿದರೆ ಇನ್ನೂ ಕಾಯಬೇಕು. ತುಂಬದೆ ಕುಸಿದರೆ ಹೊತ್ತು ಮೀರಿದೆ.

ಭಟ್ಟಿಯನ್ನು ಮುಂಚೆಯೇ 200 ರಿಂದ 210 ಡಿಗ್ರಿಗೆ ಕಾಯಿಸಿರಬೇಕು. ಮೊದಲ ಕೆಲವು ನಿಮಿಷಗಳಲ್ಲಿ ವಾಯು ಹಿಗ್ಗಿ ಬ್ರೆಡ್ಡು ಇನ್ನಷ್ಟು ಏಳುವುದು. ಒಳಗಿನ ಉಷ್ಣ 60 ಡಿಗ್ರಿಯಷ್ಟಾಗುವಾಗ ಯೀಸ್ಟು ಸಾಯುತ್ತದೆ; ಮುಂದೆ ಪಿಷ್ಟವೂ ಗ್ಲೂಟೆನ್ನೂ ಬೆಂದು ರೂಪ ನಿಲ್ಲುತ್ತದೆ. 450 ಗ್ರಾಮಿನ ತುಂಡಿಗೆ 30 ರಿಂದ 35 ನಿಮಿಷ ಸಾಕು. ತಳವನ್ನು ತಟ್ಟಿದಾಗ ಟೊಳ್ಳು ಶಬ್ದ ಬರಬೇಕು. ನಡುವಿನ ಉಷ್ಣ 95 ಡಿಗ್ರಿ ಮುಟ್ಟಿರಬೇಕು. ಬ್ರೆಡ್ಡನ್ನು ಕೂಡಲೇ ಅಚ್ಚಿನಿಂದ ತೆಗೆದು ತಂತಿಯ ಚೌಕಟ್ಟಿನ ಮೇಲೆ ಎರಡು ಗಂಟೆ ಆರಲು ಬಿಡಬೇಕು. ಬಿಸಿಯಲ್ಲಿಯೇ ಚೀಲಕ್ಕೆ ತುಂಬಿದರೆ ಬೆವರಿ ಬೂಷ್ಟು ಹಿಡಿಯುವುದು.

ಎಚ್ಚರಿಕೆ

ಸೆಖೆಯ ದಿನಗಳಲ್ಲಿ ಬ್ರೆಡ್ಡಿಗೆ ನೂಲುರೋಗವೆಂಬ ಕೇಡು ತಗಲುವುದುಂಟು. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಭಟ್ಟಿಯ ಶಾಖವನ್ನೂ ತಡೆದುಕೊಂಡು ಉಳಿಯುತ್ತವೆ. ಒಂದೆರಡು ದಿನಗಳಲ್ಲಿ ಒಳಭಾಗವು ಅಂಟಂಟಾಗಿ, ಮುರಿದರೆ ನೂಲಿನಂತೆ ಎಳೆ ಬಂದು, ಕಳಿತ ಹಣ್ಣಿನ ವಾಸನೆ ಬರುವುದು. ಇಂಥ ಬ್ರೆಡ್ಡನ್ನು ತಿನ್ನಕೂಡದು, ಮಾರಲೂ ಕೂಡದು. ಹಲಗೆ, ಅಚ್ಚು, ಪಾತ್ರೆಗಳನ್ನು ಶುಚಿಯಾಗಿಡುವುದು, ಕಣಕಕ್ಕೆ ಸ್ವಲ್ಪ ವಿನಿಗರ್ ಸೇರಿಸುವುದು, ಬ್ರೆಡ್ಡನ್ನು ಬೇಗನೆ ಆರಿಸುವುದು, ಇವೇ ಇದರ ಪ್ರತೀಕಾರ. ಹಿಟ್ಟಿಗೆ ಬಲ ಬರಲೆಂದು ಹಿಂದೆ ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತದಲ್ಲಿ 2016 ರಲ್ಲಿ ನಿಷೇಧಿಸಲಾಗಿದೆ, ಅದನ್ನು ಮುಟ್ಟಲಾಗದು.

ಕಲಿಯುವವರು ಪ್ರತಿ ಸಲವೂ ಹಿಟ್ಟಿನ ಮತ್ತು ನೀರಿನ ಉಷ್ಣ, ಹುದುಗಿದ ಹೊತ್ತು, ಬೆಂದ ಹೊತ್ತು, ಬೆಂದ ಮೇಲಿನ ತೂಕ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಬ್ರೆಡ್ಡು ಚೆನ್ನಾಗಿ ಬಂದ ದಿನದ ಲೆಕ್ಕವನ್ನೂ ಕೆಟ್ಟ ದಿನದ ಲೆಕ್ಕವನ್ನೂ ಹೋಲಿಸಿ ನೋಡಿದರೆ, ತಪ್ಪಿದ ಹಂತ ಯಾವುದೆಂಬುದು ಗೊತ್ತಾಗುವುದು. ಹೀಗೆ ಮೂರು ನಾಲ್ಕು ವಾರ ಒಂದೇ ಅಳತೆಯಲ್ಲಿ ಕೈ ಪಳಗಿಸಿಕೊಂಡ ಮೇಲೆಯೇ ಭಟ್ಟಿಗೂ ಯಂತ್ರಕ್ಕೂ ಹಣ ಹಾಕುವುದು ಕ್ಷೇಮ.