8ರವು ಎರಡು ತಗೊ, ತಮ್ಮಾ

ಗೇಮಿಂಗ್ ಕಂಪ್ಯೂಟರ್ ತರ್ಲಾಕ ಯಾದಗಿರಿಗೆ ಹೊಂಟಿಯಂತ, ನಿಮ್ಮವ್ವ ಹೇಳಿದಳು. ಹತ್ತಿ ಮಾರಿದ ದುಡ್ಡಿನಾಗ ನಿಮ್ಮಪ್ಪ ಕೊಟ್ಟದ್ದು ಗ್ರಾಫಿಕ್ಸ್ ಕಾರ್ಡಿಗೆ ಸಾಲಲ್ಲ, ಅದಕ್ಕ ರೈಜನ್ 5 5600ಜಿ ಹಾಕಿಸ್ತೀನಿ ಅಂದಿಯಂತ. ಛಲೋ ಆಯ್ತು. ರ್‍ಯಾಮ್ ತಗೊಳ್ಳುವಾಗ ಮಾತ್ರ ನನ್ನ ಮಾತು ಕೇಳು: 16 ಜಿಬಿದು ಒಂದು ಬ್ಯಾಡ, 8ರವು ಎರಡು ತಗೊ.

ಆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ತನ್ನದು ಅನ್ನೋ ಮೆಮೊರಿ ಇಲ್ಲ. ಮುಖ್ಯ ರ್‍ಯಾಮಿನಾಗೇ ಪಾಲು ಕೇಳ್ತದ. ಒಂದೇ ಹಾಕಿದ್ರ ಡೇಟಾ ಹರಿಯೋ ಹಾದಿ, ಅಂದ್ರ ಚಾನೆಲ್, ಒಂದೇ; ಎರಡು ಹಾಕಿದ್ರ ಎರಡು. ಡಿಡಿಆರ್4 3200 ಒಂದೇ ಚಾನೆಲಿನಾಗ ಇದ್ರ ಸೆಕೆಂಡಿಗೆ ಹೆಚ್ಚಂದ್ರ 25.6 ಜಿಬಿ ಹರೀತದ, ಎರಡು ಚಾನೆಲಿನಾಗ 51.2. ಸುರಪುರ, ಶಹಾಪುರದ ರೈತರ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾ? ನಾರಾಯಣಪುರ ಡ್ಯಾಮ್ ತುಂಬಿದ್ರೂ, ಎಡದಂಡೆ ಕಾಲುವೆಯಿಂದ ಹೊಲಕ್ಕ ಬರೋದು ತೂಬು ಬಿಟ್ಟಷ್ಟೇ ನೀರು. 16 ಜಿಬಿ ಅನ್ನೋದು ಡ್ಯಾಮಿನ ಲೆಕ್ಕ, ಚಾನೆಲ್ ಅನ್ನೋದು ತೂಬಿನ ಲೆಕ್ಕ. ಆಟದಾಗ ಸುಮ್ಮನ ಅಡ್ಡಾಡುವಾಗ ಅಷ್ಟು ಗೊತ್ತಾಗಲ್ಲ. ನಾಲ್ಕು ಕಡೆಯಿಂದ ಗುಂಡು ಹಾರಿ ಹೊಗೆ ಎದ್ದಾಗ ನೋಡು, ಚಿತ್ರ ತಡೆದು ತಡೆದು ಜಿಗೀತದ.

ಗೆಳೆಯನ ಮನ್ಯಾಗ 16ರದು ಒಂದೇ ಅದ, ಛಲೋ ಓಡ್ತದಲ್ಲ ಅಂತೀ. ಅವನ ಹತ್ರ ಕಾರ್ಡ್ ಅದ, ಕಾರ್ಡಿಗೆ ತನ್ನದೇ ಮೆಮೊರಿ ಇರ್ತದ. ಅಲ್ಲಿ ಫರಕ್ ಕಡಿಮೆ.

ನಾ ಮಾಡಿದ ತಪ್ಪು ನೀ ಮಾಡಬ್ಯಾಡ. ನಾಲ್ಕು ಸ್ಲಾಟಿನ ಬೋರ್ಡಿನಾಗ ಎರಡನ್ನೂ ಪಕ್ಕಪಕ್ಕಕ್ಕ ಒತ್ತಿಬಿಟ್ಟಿದ್ದೆ. ಆ ಎರಡೂ ಸ್ಲಾಟ್ ಒಂದೇ ಚಾನೆಲಿನವು. ಕಂಪ್ಯೂಟರ್ ಚಾಲೂ ಆಯ್ತು, 16 ಜಿಬಿ ಅಂತ ತೋರಿಸ್ತು, ನಾನೂ ನಂಬಿದೆ. ಎರಡು ವರ್ಷ ಅರ್ಧ ಹರಿವಿನಾಗೇ ನಡೀತು. ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದರಾಗ ಹಾಕೋದು ರೂಢಿ. ಆದ್ರೂ ಬೋರ್ಡಿನ ಜೊತಿ ಬಂದ ಪುಸ್ತಕ ತೆರೆದು ನೋಡಿಯೇ ಹಾಕಿಸು. ಅಂಗಡಿಯಿಂದ ಏಳೋಕ್ಕಿಂತ ಮೊದಲ ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ತೆರೆಸಿ, ಮೆಮೊರಿ ಪುಟದಾಗ ಎರಡು ಚಾನೆಲ್ ತೋರಿಸ್ತದೇನು ಕಣ್ಣಾರೆ ನೋಡು. ಬಯೋಸಿನಾಗ ಎಕ್ಸ್‌ಎಂಪಿ ಚಾಲೂ ಮಾಡಿಸೋದು ಮರೀಬ್ಯಾಡ. ಇಲ್ಲಂದ್ರ ಎಷ್ಟೋ ಸಲ 3200ರದ್ದು 2400ಕ್ಕೇ ಕುಂತಿರ್ತದ.

ದುಡ್ಡು ಕಡಿಮೆ ಬಿದ್ರ ಸಾಲ ಮಾಡಬ್ಯಾಡ. ಈಗ 8ರದು ಒಂದು ಹಾಕಿಸು, ತೊಗರಿ ರಾಶಿ ಆದ ಮ್ಯಾಲ ಅದೇ ಕಂಪನಿದು, ಅದೇ ಮಾದರಿದು ಇನ್ನೊಂದು ತಂದರಾಯ್ತು. ಮಾದರಿ ಸಂಖ್ಯೆ ಬಿಲ್ಲಿನ ಮ್ಯಾಲೇ ಬರೆಸ್ಕೊಂಡು ಬಾ.