ಕಥೆಯನ್ನು ಪೂರಾ ಕೇಳಿ

ಕೂಸುಗಳಾ, ಮಧುವನಹಳ್ಳಿ ಬಿಟ್ಟು ಬೆಂಗಳೂರು, ಮೈಸೂರು ಸೇರಿದ್ದೀರಿ. ನಮ್ಮೂರ ರಸ್ತೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆಯುವವರ ಫೋಟೊ ತೆಗೀತೀರಿ, ಚಿಕ್ಕಲ್ಲೂರು ಜಾತ್ರೆಯಲ್ಲಿ ಚಂದ್ರಮಂಡಲ ಉರಿಯುವುದನ್ನು ಮೊಬೈಲಿಗೆ ಹಾಕ್ತೀರಿ. ಸಂತೋಷವೇ. ಆದರೆ ಮನೆಯಲ್ಲಿ ಕಥೆ ಮಾಡಿಸಿದ ರಾತ್ರಿ ಬೆಳಗಿನ ತನಕ ಕೂತವರು ನಿಮ್ಮಲ್ಲಿ ಎಷ್ಟು ಜನ?

ಪೂರಾ ಕೇಳುವುದು ಯಾಕೆ ಮುಖ್ಯ ಎಂದು ಹೇಳಲು ಯಹೂದಿಗಳ ಪದ್ಧತಿಯೊಂದು ಹೇಳುತ್ತೇನೆ, ಕೇಳಿ. ತೋರಾ ಎಂಬ ಅವರ ಗ್ರಂಥವನ್ನು 54 ಭಾಗ ಮಾಡಿಕೊಂಡು, ವಾರಕ್ಕಿಷ್ಟು ಎಂದು ಒಂದು ವರ್ಷದಲ್ಲಿ ಓದಿ ಮುಗಿಸುತ್ತಾರೆ. ಮುಗಿಸಿದ ದಿನವೇ ಮತ್ತೆ ಮೊದಲಿನಿಂದ ಶುರು. ಕೈಬರಹದ ಸುರುಳಿಯಿಂದ ಸಭೆಯಲ್ಲಿ ಓದಲು ಹತ್ತು ಜನ ವಯಸ್ಕರು ಕೂಡಲೇಬೇಕು. ನಾಡಿಲ್ಲದೆ ಶತಮಾನಗಟ್ಟಲೆ ಚದುರಿ ಬಾಳಿದವರನ್ನು ಒಂದೇ ಜನವಾಗಿ ಉಳಿಸಿದ್ದರಲ್ಲಿ ಈ ಓದಿನ ಪಾಲು ದೊಡ್ಡದು. 

ನನಗೆ ಹಿಡಿಸಿದ್ದು ಬೇರೆ. ಆ ಓದಿನಲ್ಲಿ ಹಿರಿಯರ ತಪ್ಪನ್ನು ಮುಚ್ಚುವುದಿಲ್ಲ. ಅಣ್ಣಂದಿರೇ ತಮ್ಮನನ್ನು ಮಾರಿದ್ದು, ಬಂಗಾರದ ಕರುವಿಗೆ ಜನ ಅಡ್ಡಬಿದ್ದದ್ದು, ದೇವರು ಕೊಡುತ್ತೇನೆಂದ ನಾಡಿಗೆ ದಾರಿ ತೋರಿದ ಮೋಶೆಯೇ ಅಲ್ಲಿಗೆ ಕಾಲಿಡದೆ ತೀರಿಕೊಂಡದ್ದು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾರೆ. ಅಪ್ಪನಿಗೆ ಗಂಡು ಮಕ್ಕಳಿಲ್ಲವೆಂದು ಐದು ಜನ ಹೆಣ್ಣುಮಕ್ಕಳು ಎದ್ದು ನಿಂತು ಪಾಲು ಕೇಳುತ್ತಾರೆ, ಕಟ್ಟಳೆಯೇ ಬದಲಾಗುತ್ತದೆ. ನೀವೂ ಒಂದು ಕಾಲದಲ್ಲಿ ಪರದೇಶಿಗಳಾಗಿದ್ದಿರಿ, ಪರದೇಶಿಯನ್ನು ಪೀಡಿಸಬೇಡಿ ಎಂಬ ಬುದ್ಧಿಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳಿಸಿಕೊಂಡವರೆಲ್ಲ ಹಾಗೆ ನಡೆದರೇ ಎನ್ನುವುದು ಬೇರೆ ಮಾತು. ನಾವೇನು ನಡೆದಿದ್ದೇವಾ?

ನಮ್ಮ ನೀಲಗಾರರು ತಂಬೂರಿ ಹಿಡಿದು ಮಾಡುವ ಮಂಟೇಸ್ವಾಮಿಯ ಕಥೆಯೂ ಅಂಥದ್ದೇ. ಮಂಟೇದಯ್ಯ ಕುಷ್ಠರೋಗಿಯ ವೇಷದಲ್ಲಿ ಬಸವಣ್ಣನ ಕಲ್ಯಾಣಕ್ಕೆ ಹೋದಾಗ ಶಿವಶರಣರೆಂದು ಹೆಸರಾದವರೇ ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ. ಕಬ್ಬಿಣದ ಭಿಕ್ಷಕ್ಕೆ ಹೋದ ಅವನ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರು ಗೋಳು ಹುಯ್ದುಕೊಳ್ಳುತ್ತಾರೆ. ಆ ಸಿದ್ದಪ್ಪಾಜಿಯೂ ಹುಟ್ಟಿನಿಂದ ಅವರಂತೆಯೇ ಆಚಾರಿಯ ಮಗ. ಮಾದಪ್ಪನ ಕಥೆಯಲ್ಲಿ ಜೇನಿಗೆ ಹೊರಟ ನೀಲಯ್ಯ ಹೆಂಡತಿ ಸಂಕಮ್ಮನ ಮೇಲೆ ಅನುಮಾನಪಟ್ಟು ಭಾಷೆ ಕೊಡು ಎಂದು ಹಿಂಸೆ ಮಾಡುತ್ತಾನೆ. ಮಾದಪ್ಪ ನಿಲ್ಲುವುದು ಆ ಹೆಣ್ಣುಮಗಳ ಕಡೆ.

ಮಾದಪ್ಪನ ಕಥೆ ಹಾಡುವ ಕಂಸಾಳೆ ವೇದಿಕೆಯ ಮೇಲೆ ಹತ್ತು ನಿಮಿಷದ ಕುಣಿತವಾದಾಗ ಬಿಟ್ಟುಹೋಗುವುದು ಇದೇ ಭಾಗ. ಝಣಝಣ ಉಳಿಯುತ್ತದೆ, ಸಂಕಮ್ಮ ಉಳಿಯುವುದಿಲ್ಲ. ನಮಗೆ ಬೈಯುವ ಕಥೆಯನ್ನು ನಾವೇ ಕಾಸು ಕೊಟ್ಟು ಮಾಡಿಸಿ, ಮಕ್ಕಳುಮರಿ ಸಮೇತ ಕೂತು ಕೇಳುತ್ತಿದ್ದೆವು. ದೇವರ ಒಕ್ಕಲಾಗುವುದು ಎಂದರೆ ನನ್ನ ಲೆಕ್ಕದಲ್ಲಿ ಅದು. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಬೇರೆ ಜಾತಿಯವನ ಪಕ್ಕ ಕೂತು ಉಂಡು ಬಂದು, ಊರಲ್ಲಿ ಅವನಿಗೆ ಬೇರೆ ಲೋಟ ಇಟ್ಟರೆ ಜಾತ್ರೆಗೆ ಹೋದದ್ದು ಸುಮ್ಮನೆ ಬಸ್ ಚಾರ್ಜು ದಂಡ.

ಈ ಸಲ ಜಾತ್ರೆಗೆ ರಜೆ ಹಾಕಿ ಬನ್ನಿ. ಐದಾರು ಮನೆಯವರು ಸೇರಿ ತಂಬೂರಿಯವರಿಗೆ ವೀಳ್ಯ ಕೊಡಿ. ಅವರ ಊಟ, ಸಂಭಾವನೆಯಲ್ಲಿ ಚೌಕಾಸಿ ಬೇಡ, ಬೇಗ ಮುಗಿಸಿ ಎಂದೂ ಹೇಳಬೇಡಿ. ಮಂಟೇದಯ್ಯ ಕಲ್ಯಾಣಕ್ಕೆ ಹೋದ ಸಾಲನ್ನೇ ಮಾಡಿಸಿ. ಅರ್ಥವಾಗದ್ದನ್ನು ಬೆಳಗ್ಗೆ ಕೇಳಿ. ಒಪ್ಪದೇ ಹೋದರೆ ಜಗಳವನ್ನೂ ಆಡಿ, ನಾನಿದ್ದೇನೆ.