ವಿಕಾಸವಾದ ಮತ್ತು ಆಧುನಿಕ ಇತಿಹಾಸ ತತ್ವಶಾಸ್ತ್ರ: ಪರೀಕ್ಷಾ ಟಿಪ್ಪಣಿ

1. 'ಇತಿಹಾಸದ ತತ್ವಶಾಸ್ತ್ರ' ಪದ ಬಳಕೆಗೆ ತಂದವರು: ವೋಲ್ಟೇರ್ (1765).
2. ಹೆಗೆಲ್: ಇತಿಹಾಸವೆಂದರೆ ಸ್ವಾತಂತ್ರ್ಯ ಪ್ರಜ್ಞೆಯ ಮುನ್ನಡೆ. ನಿಧನ 1831, ಉಪನ್ಯಾಸಗಳ ಪ್ರಕಟಣೆ 1837.
3. ಕಾಮ್ಟ್‌ನ 3 ಹಂತಗಳು: ದೈವಿಕ → ತಾತ್ವಿಕ → ವೈಜ್ಞಾನಿಕ.
4. ಡಾರ್ವಿನ್: 'ಪ್ರಭೇದಗಳ ಉಗಮ', 24 ನವೆಂಬರ್ 1859. ತಿರುಳು: ನೈಸರ್ಗಿಕ ಆಯ್ಕೆ.
5. ಮಾರ್ಗನ್, 'ಪ್ರಾಚೀನ ಸಮಾಜ' (1877): ವನ್ಯ → ಅನಾಗರಿಕ → ನಾಗರಿಕ.
6. ಸ್ಪೆಂಗ್ಲರ್: ಸಂಸ್ಕೃತಿಗಳಿಗೂ ಹುಟ್ಟು, ಬೆಳವಣಿಗೆ, ಅವನತಿ.
7. ಟಾಯ್ನ್‌ಬಿ: ಸವಾಲು–ಪ್ರತಿಕ್ರಿಯೆ ಸಿದ್ಧಾಂತ, 12 ಸಂಪುಟಗಳ ಗ್ರಂಥದಲ್ಲಿ.
8. ಪಾಪರ್ (1957): ಇತಿಹಾಸದ ಗತಿಯನ್ನು ವೈಜ್ಞಾನಿಕವಾಗಿ ಮುನ್ನುಡಿಯಲಾಗದು.

ಗೊಂದಲ ಬೇಡ:
• 'ಸಮರ್ಥರ ಉಳಿವು' ನುಡಿಗಟ್ಟು ಸ್ಪೆನ್ಸರ್‌ನದು (1864). ಡಾರ್ವಿನ್ ಅದನ್ನು 5ನೇ ಆವೃತ್ತಿಯಲ್ಲಿ (1869) ಸೇರಿಸಿಕೊಂಡ.
• ವಿಕಾಸ ≠ ಪ್ರಗತಿ. ನೈಸರ್ಗಿಕ ಆಯ್ಕೆಗೆ ಗುರಿಯಿಲ್ಲ. ಹೆಗೆಲ್‌ನ ಇತಿಹಾಸಕ್ಕೆ ಗುರಿಯಿದೆ.
• ಹೆಗೆಲ್, ಕಾಮ್ಟ್ ಇಬ್ಬರೂ ಡಾರ್ವಿನ್ ಗ್ರಂಥಕ್ಕಿಂತ ಮೊದಲೇ ತೀರಿಕೊಂಡವರು.